ದೂರ, ಬೆಳಕು, ಭುಜ: ಕ್ಯಾಮೆರಾ ಕೊಳ್ಳುವವರ ಲೆಕ್ಕ

"ಕ್ಯಾಮೆರಾ ತಗೋಬೇಕು ಅಂತಿದೀನಿ ಸಾರ್, ಯಾವುದು ಒಳ್ಳೇದು?" ಎಂದು ಪರಿಚಯದವರು ಫೋನ್ ಮಾಡಿದಾಗ ನಾನು ಬಜೆಟ್ ವಿಚಾರವನ್ನು ಪಕ್ಕಕ್ಕಿಟ್ಟು, "ಏನು ತೆಗೀತೀರಿ? ಎಲ್ಲಿ ನಿಂತು ತೆಗೀತೀರಿ? ಎಷ್ಟು ಹೊತ್ತಿನಲ್ಲಿ?" ಎಂದು ಕೇಳುತ್ತೇನೆ. ಅನೇಕರಿಗೆ ಇದು ರುಚಿಸುವುದಿಲ್ಲ. ಅವರಿಗೆ ಬೇಕಿರುವುದು ಒಂದು ಮಾಡೆಲ್ ನಂಬರು. ಹಗಲು ಹಕ್ಕಿ, ರಾತ್ರಿ ಯಕ್ಷಗಾನ, ನಡುವೆ ಹೊಟ್ಟೆಪಾಡಿಗೆ ಮದುವೆ ಎಂದು ಮೈಸೂರು, ಮಲೆನಾಡು, ಕರಾವಳಿ ಸುತ್ತಿದ ಮೇಲೆ ನನಗೆ ಖಾತ್ರಿಯಾದ ಸಂಗತಿ ಒಂದಿದೆ. ಯಾವ ಲೆನ್ಸ್ ಬೇಕು ಎಂಬುದನ್ನು ನಾವು ಹೋಗಿ ನಿಲ್ಲುವ ಜಾಗವೇ ಹೇಳುತ್ತದೆ. ವಸ್ತು ಇರುವ ದೂರ, ಅಲ್ಲಿರುವ ಬೆಳಕು, ಹೊರಬೇಕಾದ ಭುಜ, ಈ ಮೂರನ್ನೂ ಕೂಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಬಾಡಿಯ ಸರದಿ ಆಮೇಲೆ.

ರಂಗನತಿಟ್ಟನ್ನೇ ನೋಡಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿ ನಡುಗಡ್ಡೆಗಳ ಬಳಿ ದೋಣಿ ಗೂಡುಗಳಿಗೆ ಸಾಕಷ್ಟು ಹತ್ತಿರವೇ ಸಾಗುತ್ತದೆ. ಹಕ್ಕಿ ತೆಗೆಯಲು ಅತಿ ಉದ್ದದ ಲೆನ್ಸೇ ಬೇಕೆಂದು ಜೂಮ್ ಇಲ್ಲದ 600 ಎಂ.ಎಂ. ಪ್ರೈಮ್ ಲೆನ್ಸ್ ಹೊತ್ತು ತಂದವರು ಇಲ್ಲಿ ಪೇಚಾಡುವುದನ್ನು ಕಂಡಿದ್ದೇನೆ. ಬಣ್ಣದ ಕೊಕ್ಕರೆ ಕಡ್ಡಿ ಕಚ್ಚಿಕೊಂಡು ರೆಕ್ಕೆ ಬಿಚ್ಚಿ ಗೂಡಿಗೆ ಇಳಿಯುವಾಗ ಅವರ ಫ್ರೇಮಿನಲ್ಲಿ ಕೊಕ್ಕಿರುತ್ತದೆ, ಕಡ್ಡಿಯಿರುತ್ತದೆ, ರೆಕ್ಕೆಯ ತುದಿಯಿರುವುದಿಲ್ಲ. ಹಿಂದೆ ಸರಿಯೋಣವೆಂದರೆ ಕೂತಿರುವುದು ದೋಣಿಯಲ್ಲಿ. ನಿಕಾನ್ 200-500 ಹಾಕಿಕೊಂಡಿದ್ದರೆ ಕೊಕ್ಕರೆಗೆ 200ಕ್ಕೆ ಇಳಿಸಿ, ಅತ್ತ ನೀರಿನ ಮೇಲೆ ರಿವರ್ ಟರ್ನ್ ಬಂದರೆ 500ಕ್ಕೆ ಏರಿಸಬಹುದು. ಕುಕ್ಕರಹಳ್ಳಿ ಕೆರೆಯಲ್ಲಿ ಕತೆಯೇ ಬೇರೆ. ದಂಡೆಯ ದಾರಿಯಲ್ಲಿ ನಿಂತವನಿಗೂ ನಡುವಿನ ದ್ವೀಪದ ಹಕ್ಕಿಗೂ ಇರುವ ಅಂತರಕ್ಕೆ 500 ಕೂಡ ಸಾಲದು. ಎರಡು ಜಾಗದ ನಡುವೆ ಅರ್ಧ ಗಂಟೆಯ ದಾರಿಯಷ್ಟೇ, ಆದರೆ ಕೇಳುವ ಲೆನ್ಸ್ ಒಂದೇ ಅಲ್ಲ.

ದೋಣಿಯಲ್ಲಿ ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ಲೆನ್ಸಿನ ಸ್ಥಿರೀಕರಣ, ಅಂದರೆ ವಿ.ಆರ್. ಅಥವಾ ಐ.ಎಸ್., ನಮ್ಮ ಕೈ ನಡುಕವನ್ನು ಹತೋಟಿಗೆ ತರುತ್ತದೆ. ಬಡಿಯುವ ರೆಕ್ಕೆಯನ್ನು ಅದು ನಿಲ್ಲಿಸಲಾರದು. ಅದಕ್ಕೆ ಬೇಕಾದದ್ದು 1/2000 ಸೆಕೆಂಡಿನ ಶಟರ್ ವೇಗ, ಆ ವೇಗಕ್ಕೆ ಬೇಕಾದದ್ದು ಬೆಳಕು. "ಐದು ಸ್ಟಾಪ್ ಸ್ಥಿರೀಕರಣ" ಎಂಬ ಜಾಹೀರಾತನ್ನು ಓದಿ ಹಕ್ಕಿಗೆಂದು ದುಡ್ಡು ಸುರಿಯುವವರು ಇದನ್ನು ನೆನಪಿಡಬೇಕು.

ಫುಲ್ ಫ್ರೇಮ್ ಕೊಳ್ಳಬೇಕೋ ಬೇಡವೋ ಎಂಬುದು ಎಲ್ಲರ ಗೊಂದಲ. ಫುಲ್ ಫ್ರೇಮ್ ಸೆನ್ಸರ್ 36×24 ಎಂ.ಎಂ. ಅಳತೆಯದು. ನಿಕಾನಿನ ಕ್ರಾಪ್ ಸೆನ್ಸರ್ ಅದಕ್ಕಿಂತ ಒಂದೂವರೆ ಪಟ್ಟು ಚಿಕ್ಕದು, ಹಾಗಾಗಿ ಅದರಲ್ಲಿ 500ರ ಲೆನ್ಸ್ 750ರ ನೋಟ ಕೊಡುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಚಿತ್ರವನ್ನು ಅದೇ ನೋಟಕ್ಕೆ ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ಹತ್ತು ಹನ್ನೊಂದು ಮೆಗಾಪಿಕ್ಸೆಲ್ ಮಾತ್ರ. ಆದ್ದರಿಂದ ದೂರದ ಹಕ್ಕಿಯೇ ಮುಖ್ಯವೆನ್ನುವವರಿಗೆ ನಾನು ಈಗಲೂ ಕ್ರಾಪ್ ಬಾಡಿಯನ್ನೇ ಹೇಳುತ್ತೇನೆ. ಮೆಗಾಪಿಕ್ಸೆಲ್ ವಿಚಾರಕ್ಕೆ ಬಂದರೆ, ಎ4 ಅಳತೆಯ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಲು 9 ಮೆಗಾಪಿಕ್ಸೆಲ್‌ಗಿಂತ ತುಸು ಕಡಿಮೆ ಸಾಕು. 2015ರ ನಿಕಾನ್ ಡಿ7200 ಬಾಡಿಯಲ್ಲಿ 24 ಮೆಗಾಪಿಕ್ಸೆಲ್ ಇತ್ತು. ಮರುವರ್ಷ ಬಂದ, ಬೆಲೆಯಲ್ಲಿ ಬಹಳ ಮೇಲಿದ್ದ ಡಿ500 ಬಾಡಿಯಲ್ಲಿ 21ಕ್ಕೂ ಕೊಂಚ ಕಡಿಮೆ. ಆದರೂ ಹಕ್ಕಿ ತೆಗೆಯುವವರು ಡಿ500ಗೆ ಮುಗಿಬಿದ್ದರು. ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಶಕ್ತಿ, ಫ್ರೇಮಿನ ಅಂಚಿನಲ್ಲೂ ಹಕ್ಕಿಯನ್ನು ಹಿಡಿಯುವ ಫೋಕಸ್, ಅವರು ಬೆಲೆ ಕೊಟ್ಟದ್ದು ಇವೆರಡಕ್ಕೆ.

ಭುಜದ ಲೆಕ್ಕ ಅಂಗಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. 200-500ರ ತೂಕ 2.3 ಕಿಲೋ. ಡಿ500 ಸೇರಿದರೆ ಮೂರು ಕಿಲೋ ದಾಟುತ್ತದೆ. ನಿಕಾನಿನದೇ 500 ಎಂ.ಎಂ. ಎಫ್/5.6 ಪಿ.ಎಫ್. ಲೆನ್ಸ್ ತೂಗುವುದು ಒಂದೂವರೆ ಕಿಲೋಗೂ ಕಡಿಮೆ. ಎರಡರಲ್ಲೂ ಬೆಳಕು ಅಷ್ಟೇ, ದೂರವೂ ಅಷ್ಟೇ. ಹೆಚ್ಚಿನ ಬೆಲೆಗೆ ಸಿಗುವ ಮುಖ್ಯ ಲಾಭವೆಂದರೆ ಹಗುರ, ಬಿಟ್ಟುಕೊಡಬೇಕಾದದ್ದು ಜೂಮ್. ದೋಣಿ, ಜೀಪುಗಳಲ್ಲಿ ಕೂತು ತೆಗೆಯುವವರಿಗೆ ಜೂಮ್ ಲೇಸು. ಗದ್ದೆ ಬದುಗಳ ಮೇಲೆ ಬೆಳಗಿಡೀ ನಡೆಯುವವರಿಗೆ ಹಗುರವೇ ಲೇಸು. ಅಂಗಡಿಯಲ್ಲಿ ಲೆನ್ಸ್ ಹಾಕಿಸಿಕೊಂಡು ಐದು ನಿಮಿಷ ಕಣ್ಣಿಗೆ ಹಿಡಿದು ನಿಲ್ಲಿ. ಅಷ್ಟರಲ್ಲಿ ಕೈ ನಡುಗಿದರೆ ಮಿಂಚುಳ್ಳಿ ನೀರಿಗೆ ಧುಮುಕುವ ಹೊತ್ತಿಗೆ ನಿಮ್ಮ ಕ್ಯಾಮೆರಾ ತೊಡೆಯ ಮೇಲಿರುತ್ತದೆ.

ಯಕ್ಷಗಾನಕ್ಕೆ ಬಂದರೆ ದೂರಕ್ಕಿಂತ ಬೆಳಕಿನದೇ ಕಾಟ. ತೆಂಕುತಿಟ್ಟಿನ ಧೀಂಗಿಣ ಹಾರುವ ವೇಷಧಾರಿಯನ್ನು ಗಾಳಿಯಲ್ಲಿ ನಿಲ್ಲಿಸಲು ಕನಿಷ್ಠ 1/500 ಬೇಕು. ರಂಗದ ಸಾಧಾರಣ ಬೆಳಕಿನಲ್ಲಿ ಎಫ್/2.8 ಲೆನ್ಸಿಗೆ ಐ.ಎಸ್.ಓ. 3200ರ ಆಸುಪಾಸಿನಲ್ಲಿ ಆ ವೇಗ ಸಿಗುತ್ತದೆ. ಎಫ್/5.6 ಲೆನ್ಸ್ ಒಳಗೆ ಬಿಡುವುದು ಅದರ ಕಾಲು ಭಾಗ ಬೆಳಕನ್ನು, ಆದ್ದರಿಂದ ಐ.ಎಸ್.ಓ. 12,800ಕ್ಕೆ ಏರುತ್ತದೆ. ಆಗ ಕಿರೀಟದ ಕುಸುರಿ ಕಾಳುಕಾಳಾಗಿ, ಬಣ್ಣದ ವೇಷದ ಕೆಂಪು ಕದಡಿಹೋಗುತ್ತದೆ. ಇಲ್ಲಿ 70-200 ಎಫ್/2.8ಕ್ಕೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಫುಲ್ ಫ್ರೇಮ್ ಕೂಡ ತನ್ನ ಬೆಲೆಗೆ ನ್ಯಾಯ ಒದಗಿಸುವುದು ಇಂಥ ಕಡೆಯೇ.

ಅದೇ ಮೇಳದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋದರೆ ಈ ದೊಡ್ಡ ಲೆನ್ಸ್ ಬ್ಯಾಗಿನಲ್ಲೇ ಉಳಿಯುತ್ತದೆ. ಸಾಲಾಗಿ ಕೂತ ಕಲಾವಿದರು, ಎದುರಿಗೆ ಕನ್ನಡಿ, ಪಕ್ಕದಲ್ಲಿ ಬಣ್ಣದ ಬಟ್ಟಲು. ಬಣ್ಣದ ವೇಷದವರು ಉಸಿರು ಬಿಗಿಹಿಡಿದು ಕೆನ್ನೆಯ ಮೇಲೆ ಒಂದೊಂದೇ ಚುಟ್ಟಿ ಇಡುತ್ತಿರುತ್ತಾರೆ. ಕಾಲಿಡಲೂ ಜಾಗವಿಲ್ಲದ ಆ ಇಕ್ಕಟ್ಟಿನಲ್ಲಿ 35 ಎಂ.ಎಂ. ಎಫ್/1.8ರ ಪುಟ್ಟ ಲೆನ್ಸ್ ಸಾಕು, ಯಾರ ಏಕಾಗ್ರತೆಗೂ ಅಡ್ಡಿಯಿಲ್ಲ. ನನ್ನ ಯಕ್ಷಗಾನದ ಚಿತ್ರಗಳಲ್ಲಿ ಜನ ಕೇಳಿ ಪಡೆಯುವುದು ಹೆಚ್ಚಾಗಿ ಈ ಅಗ್ಗದ ಲೆನ್ಸಿನವನ್ನೇ.

ಮಿರರ್‌ಲೆಸ್ ಬಾಡಿಯ ನಿಶ್ಶಬ್ದ ಶಟರ್ ರಂಗಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಭಾಗವತರ ಪದ್ಯದ ನಡುವೆ ಬಳಸಹೊರಟವರಿಗೆ ಒಂದು ಎಚ್ಚರಿಕೆ. ಈಗ ಬಹಳ ಕಡೆ ರಂಗದಲ್ಲಿ ಎಲ್.ಇ.ಡಿ. ದೀಪಗಳಿವೆ. ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಅವು ಮಿನುಗುತ್ತಿರುತ್ತವೆ. ಸಾಮಾನ್ಯ ಸೆನ್ಸರ್ ನಿಶ್ಶಬ್ದ ಶಟರಿನಲ್ಲಿ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ವೇಷದ ಮೇಲೆಲ್ಲ ಕಪ್ಪು ಪಟ್ಟೆಗಳು ಬೀಳುತ್ತವೆ. 2021ರ ನಿಕಾನ್ ಝೆಡ್9ನಂಥ ಅತಿವೇಗದ ಸೆನ್ಸರ್‌ಗಳಲ್ಲಿ ಈ ಕಾಟ ಬಹಳ ಕಡಿಮೆ, ಅದರಲ್ಲಿ ಯಾಂತ್ರಿಕ ಶಟರೇ ಇಲ್ಲ. ಉಳಿದವರು ಸದ್ದಾದರೂ ಸರಿ, ಯಾಂತ್ರಿಕ ಶಟರನ್ನೇ ಬಳಸುವುದು ಕ್ಷೇಮ. ಚೆಂಡೆಯ ಮುಂದೆ ಆ ಸದ್ದು ಯಾರ ಕಿವಿಗೂ ಬೀಳುವುದಿಲ್ಲ.

ಮದುವೆಯಲ್ಲಿ ಲೆನ್ಸಿನಷ್ಟೇ ಬಾಡಿಯೂ ಮುಖ್ಯ. ತಾಳಿ ಕಟ್ಟುವುದು ಒಂದೇ ಸಲ. ಕಾರ್ಡ್ ಕೈಕೊಟ್ಟರೆ ಮತ್ತೊಮ್ಮೆ ಕಟ್ಟಿ ಎನ್ನಲಾಗದು. ಹಾಗಾಗಿ ಎರಡು ಕಾರ್ಡ್‌ಗಳಿಗೆ ಒಟ್ಟಿಗೇ ಬರೆಯುವ ಬಾಡಿಯನ್ನು ಬಿಟ್ಟು ಬೇರೆಯದನ್ನು ಮುಹೂರ್ತಕ್ಕೆ ಒಯ್ಯುವುದಿಲ್ಲ. 2018ರಲ್ಲಿ ಬಂದ ನಿಕಾನ್ ಝೆಡ್6, ಝೆಡ್7ಗಳಲ್ಲಿ ಒಂದೇ ಸ್ಲಾಟ್ ಇತ್ತು. 2020ರ ಎರಡನೇ ಆವೃತ್ತಿಯಲ್ಲಿ ಅದು ಎರಡಾಯಿತು. ಧಾರೆಯ ಹೊತ್ತಿಗೆ ನೆಂಟರಿಷ್ಟರೆಲ್ಲ ಮಂಟಪ ಮುತ್ತಿದಾಗ ಕೆಲಸಕ್ಕೆ ಬರುವುದು 24-70. ಫ್ಲಾಶನ್ನು ಮೇಲಕ್ಕೆ ಹೊಡೆಯುವ ಮುನ್ನ ಅಲ್ಲಿ ಏನಿದೆ ನೋಡಿಕೊಳ್ಳಬೇಕು. ಕೆಂಪು ಶಾಮಿಯಾನವಿದ್ದರೆ ಮದುಮಗಳ ಮುಖವೂ ಕೆಂಪೇ.

ಮಲೆನಾಡಿನ ಮಳೆಗಾಲ ಕಲಿಸುವ ಪಾಠ ಬೇರೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಲೆನ್ಸಿನ ಶತ್ರು ಬೂಷ್ಟು. ಬಳಸದೆ ಬ್ಯಾಗಿನ ಕತ್ತಲಲ್ಲಿಟ್ಟ ಲೆನ್ಸಿನೊಳಗೆ ಜೇಡನ ಬಲೆಯಂಥ ಬಿಳಿ ಎಳೆಗಳು ಹಬ್ಬುತ್ತವೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ, ಇಲ್ಲವೇ ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಬೇಕೇಬೇಕು. ಹೊಸ ಬಾಡಿಗೆ ಕೂಡಿಡುವ ಮುನ್ನ ಇದಕ್ಕೆ ದುಡ್ಡು ತೆಗೆದಿಡಿ. ರಾತ್ರಿ ಕಪ್ಪೆ ತೆಗೆಯುವ ಮ್ಯಾಕ್ರೊ ಕೆಲಸದಲ್ಲಂತೂ ಬಾಡಿಗೆ ಕೊನೆಯ ಸ್ಥಾನ. ಜೀವಗಾತ್ರದ ಚಿತ್ರಕ್ಕೆ 60 ಎಂ.ಎಂ. ಲೆನ್ಸಿನ ಮೂತಿ ಕಪ್ಪೆಗೆ ಸುಮಾರು 5 ಸೆಂ.ಮೀ. ಹತ್ತಿರ ಹೋಗಬೇಕು. 105 ಎಂ.ಎಂ. ಆದರೆ ಸುಮಾರು 15 ಸೆಂ.ಮೀ. ದೂರದಲ್ಲೇ ನಿಲ್ಲಬಹುದು. ಕಪ್ಪೆ ಹಾರದೆ ಉಳಿಯುವುದು ಈ ಒಂದು ಗೇಣಿಗೂ ಕಡಿಮೆ ಅಂತರದಲ್ಲೇ. ಎಫ್/11ಕ್ಕೆ ಹೋದರೆ ಬೆಳಕೆಲ್ಲ ಫ್ಲಾಶಿನದು, ಹಳೆಯ ಬಾಡಿಯಾದರೂ ನಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪಿಲ್ಲ, ನನ್ನ ಬಳಿ ಇರುವ ಬಹುಪಾಲು ಲೆನ್ಸ್ ಅಂಥವೇ. ಲೆನ್ಸಿನ ಒಂದು ತುದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿದರೆ ಬೂಷ್ಟು ಕಾಣುತ್ತದೆ. ಬಾಡಿಯಾದರೆ ಶಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಿ. ಡಿ7200ರ ಶಟರನ್ನು ಕಂಪನಿ ಪರೀಕ್ಷಿಸಿರುವುದು ಒಂದೂವರೆ ಲಕ್ಷಕ್ಕೆ, ಡಿ500ರದ್ದು ಎರಡು ಲಕ್ಷಕ್ಕೆ. ನಿಕಾನಿನ ಹಳೆಯ ಎ.ಎಫ್.-ಡಿ ಲೆನ್ಸುಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ಅವುಗಳ ಫೋಕಸ್ ತಿರುಗಿಸುವ ಮೋಟಾರು ಬಾಡಿಯಲ್ಲಿರಬೇಕು. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಅದಿಲ್ಲ. ಝೆಡ್ ಬಾಡಿಗೆ ಎಫ್.ಟಿ.ಝೆಡ್. ಅಡಾಪ್ಟರ್ ಹಾಕಿದರೂ ಅವು ತಾವಾಗಿ ಫೋಕಸ್ ಆಗವು. ಕೆನಾನಿನ ಇ.ಎಫ್. ಲೆನ್ಸುಗಳು ಅಡಾಪ್ಟರ್ ಮೂಲಕ ಆರ್.ಎಫ್. ಬಾಡಿಗಳಲ್ಲಿ ಸಲೀಸಾಗಿ ಫೋಕಸ್ ಆಗುತ್ತವೆ.

ಹಾಗಾದರೆ ಬಾಡಿ ಬದಲಿಸುವುದು ಯಾವಾಗ? ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಹಿಂದಿನ ತಲೆಮಾರಿನ ವನ್ಯಜೀವಿ ಛಾಯಾಗ್ರಾಹಕರು ನಮ್ಮ ಕಾಡುಗಳಲ್ಲಿ ರೋಲ್ ಫಿಲ್ಮ್ ಹಾಕಿ, ಕೈಯಿಂದಲೇ ಫೋಕಸ್ ಮಾಡಿ ದುಡಿದವರು. ಪ್ರಾಣಿಪಕ್ಷಿಗಳ ನಡವಳಿಕೆ ಬಲ್ಲವರಾದ್ದರಿಂದ ಕ್ಷಣ ಬರುವ ಮೊದಲೇ ಅವರು ಸಿದ್ಧರಿರುತ್ತಿದ್ದರು. ಈಗಿನ ಬಾಡಿಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ, ಅದು ನಿಜವಾದ ಅನುಕೂಲ. ಆದರೆ ನಿಮ್ಮ ಚಿತ್ರಗಳು ಕೆಡುತ್ತಿರುವುದು ಫೋಕಸ್ ತಪ್ಪಿಯೇ ಎಂಬುದು ಖಾತ್ರಿಯಾಗಬೇಕು. ಹಕ್ಕಿ ಚಿಕ್ಕದಾಗಿ ಬರುತ್ತಿದ್ದರೆ, ರೆಕ್ಕೆ ಮಸುಕಾಗುತ್ತಿದ್ದರೆ, ಬೆಳಕು ಸಾಲದಿದ್ದರೆ ಹೊಸ ಬಾಡಿ ಮಾಡಬಲ್ಲದ್ದು ಅಲ್ಪ.

ಇದನ್ನು ತಿಳಿಯಲು ಖರ್ಚಿಲ್ಲದ ದಾರಿಯಿದೆ. ಪ್ರತಿ ಡಿಜಿಟಲ್ ಚಿತ್ರದೊಳಗೂ ಎಷ್ಟು ಎಂ.ಎಂ., ಯಾವ ಎಫ್ ಸಂಖ್ಯೆ, ಎಷ್ಟು ಐ.ಎಸ್.ಓ., ಯಾವ ಶಟರ್ ವೇಗ ಎಂಬುದು ದಾಖಲಾಗಿರುತ್ತದೆ. ಕಳೆದ ವರ್ಷದ ಚಿತ್ರಗಳನ್ನು ತೆರೆದು ಇವನ್ನು ಓದಿ. ಎಲ್ಲವೂ ಜೂಮಿನ ಕೊನೆಯ ಅಂಕಿಯಲ್ಲೇ ಇದ್ದರೆ ಉದ್ದದ ಲೆನ್ಸ್ ಬೇಕು. ಐ.ಎಸ್.ಓ. ಸದಾ ಆಕಾಶದಲ್ಲಿದ್ದರೆ ದೊಡ್ಡ ಬಾಯಿಯ ಲೆನ್ಸ್ ಬೇಕು. ಎರಡೂ ಸರಿಯಿದ್ದು ಕೇವಲ ಫೋಕಸ್ ತಪ್ಪಿದ್ದರೆ ಮಾತ್ರ ಬಾಡಿಯ ಕಡೆ ನೋಡಿ. ಆಮೇಲೂ ನೇರ ಕೊಳ್ಳಬೇಡಿ. ಬೆಂಗಳೂರು, ಮೈಸೂರುಗಳಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಒಂದು ವಾರಾಂತ್ಯ ಅದನ್ನು ನೀವು ದಿನವೂ ಹೋಗುವ ಜಾಗಕ್ಕೇ ಹೊತ್ತು ಹೋಗಿ, ಭುಜ ಒಪ್ಪಿದ ಮೇಲೆ ದುಡ್ಡು ಕೊಡಿ.