ಇಬ್ಬರು ಕೂಡಿ ನಡೆಸುವ ಮೇಣದಬತ್ತಿ ಉದ್ಯಮ

ಅಲ್ಪ ಬಂಡವಾಳ, ಅಲ್ಪ ಸ್ಥಳ ಹಾಗೂ ಅಲ್ಪಾವಧಿಯ ತರಬೇತಿಯಿಂದ ಆರಂಭಿಸಬಹುದಾದ ಉದ್ಯಮಗಳಲ್ಲಿ ಮೇಣದಬತ್ತಿಯ ತಯಾರಿಕೆಯೂ ಒಂದು. ಮೇಣವನ್ನು ಕರಗಿಸಿ ಅಚ್ಚಿಗೆ ಸುರಿಯುವ ಕೆಲಸವನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಬಂಡವಾಳ ಸಾಲದವನು ಬಂಡವಾಳವುಳ್ಳವನೊಡನೆ, ಕಸುಬು ತಿಳಿಯದವನು ಕಸುಬುದಾರನೊಡನೆ ಸೇರಿ ಈ ಉದ್ಯಮವನ್ನು ಕೈಗೊಳ್ಳುವುದು ಸಾಮಾನ್ಯ. ಆದರೆ ತಯಾರಿಕೆಯ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಪಾಲುದಾರಿಕೆಯ ಬಗ್ಗೆ ವಹಿಸುವವರು ವಿರಳ. ಮೇಣ ಕರಗಿಸುವ ಮುನ್ನವೇ ಪರಸ್ಪರ ಹಕ್ಕುಬಾಧ್ಯತೆಗಳನ್ನು ಬರವಣಿಗೆಯಲ್ಲಿ ನಿಶ್ಚಯಿಸಿಕೊಳ್ಳಬೇಕೆಂಬುದು ಈ ಪಾಠದ ಮುಖ್ಯ ಅಂಶ. ಇದಕ್ಕೆ ಆಂಧ್ರ ಪ್ರದೇಶದ ವಿಶಾಖಪಟ್ಟಣ ಮತ್ತು ವಿಜಯವಾಡ ನಗರಗಳನ್ನು ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ. ಪಾಲುದಾರಿಕೆಯ ಕಾನೂನು ಇಡೀ ದೇಶಕ್ಕೆ ಒಂದೇ ಆದುದರಿಂದ ಇಲ್ಲಿ ಹೇಳಿದುದು ಮಂಗಳೂರಿಗೂ ಬಳ್ಳಾರಿಗೂ ಅಷ್ಟೇ ಅನ್ವಯಿಸುತ್ತದೆ.

ಎರಡು ನಗರಗಳ ಮಾರುಕಟ್ಟೆ

ವಿಶಾಖಪಟ್ಟಣ ಬಂದರು 1933ರಲ್ಲಿ ನೌಕಾಸಂಚಾರಕ್ಕೆ ತೆರೆಯಿತು. ಡಾಲ್ಫಿನ್ಸ್ ನೋಸ್ ಎಂಬ ಗುಡ್ಡದ ಮರೆಯಲ್ಲಿರುವ ಈ ಬಂದರು ಪೂರ್ವ ಕರಾವಳಿಯ ಪ್ರಮುಖ ವ್ಯಾಪಾರ ದ್ವಾರಗಳಲ್ಲೊಂದು. ಇಲ್ಲಿಂದ ರೈಲು ಮಾರ್ಗವಾಗಿ ಸುಮಾರು 350 ಕಿಲೋಮೀಟರ್ ದೂರದಲ್ಲಿ, ಕೃಷ್ಣಾ ನದಿಯ ದಡದಲ್ಲಿ, ದೊಡ್ಡ ರೈಲ್ವೆ ಜಂಕ್ಷನ್ ಆದ ವಿಜಯವಾಡ ನಗರವಿದೆ.

ಎರಡೂ ಊರುಗಳಲ್ಲಿ ಮೇಣದಬತ್ತಿಗೆ ಮೂರು ಬಗೆಯ ಬೇಡಿಕೆಯುಂಟು. ಮೊದಲನೆಯದು ಧಾರ್ಮಿಕ ಬೇಡಿಕೆ. ವಿಜಯವಾಡದ ಗುಣದಲ ಮಾತೆಯ ಕ್ಷೇತ್ರದಲ್ಲಿ ಪ್ರತಿವರ್ಷ ಫೆಬ್ರುವರಿ 9ರಿಂದ 11ರವರೆಗೆ ಉತ್ಸವ ಜರುಗುತ್ತದೆ. ಅಲ್ಲಿಗೆ ಬರುವ ಭಕ್ತರು ಮೇಣದಬತ್ತಿಗಳನ್ನು ಅರ್ಪಿಸುತ್ತಾರೆ. ವಿಶಾಖಪಟ್ಟಣದಲ್ಲಿ ಬಂದರಿನ ಸಮೀಪದ ರಾಸ್ ಬೆಟ್ಟದ ಮೇಲೆ ಮರಿಯಮ್ಮನವರ ಚರ್ಚಿದೆ. ಎರಡನೆಯದು ದೀಪಾವಳಿ, ಹುಟ್ಟುಹಬ್ಬ ಮುಂತಾದ ಸಂದರ್ಭಗಳ ಅಲಂಕಾರಿಕ ಬೇಡಿಕೆ. ಮೂರನೆಯದು ವಿದ್ಯುತ್ ನಿಂತಾಗ ಉಂಟಾಗುವ ತುರ್ತು ಬೇಡಿಕೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಅಪ್ಪಳಿಸಿದಾಗ ನಗರವು ಹಲವು ದಿನ ಕತ್ತಲಲ್ಲಿತ್ತು. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ಹೊಳೆಯ ನೆರೆಯಿಂದ ವಿಜಯವಾಡದ ಹಲವು ಬಡಾವಣೆಗಳು ಮುಳುಗಿದವು.

ತುರ್ತು ಬೇಡಿಕೆಯನ್ನು ನಂಬಿ ಉದ್ಯಮ ನಡೆಸಲಾಗದು; ಉತ್ಸವದ ಬೇಡಿಕೆ ವರ್ಷಕ್ಕೊಮ್ಮೆ ಮಾತ್ರ ಬರುವಂಥದು. ಫೆಬ್ರುವರಿಯಲ್ಲಿ ಮಾರಬೇಕಾದ ಸರಕಿಗೆ ಡಿಸೆಂಬರಿನಲ್ಲೇ ಮೇಣ ಕೊಳ್ಳಬೇಕಾಗುವುದರಿಂದ ಹಣವು ತಿಂಗಳುಗಟ್ಟಲೆ ಸರಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಲುದಾರರ ನಡುವಿನ ಮನಸ್ತಾಪ ಬಹುಮಟ್ಟಿಗೆ ಹುಟ್ಟುವುದು ಈ ಅವಧಿಯಲ್ಲಿಯೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಿಂದೆ ಮೇಣದಬತ್ತಿಯು ಸಣ್ಣ ಕೈಗಾರಿಕೆಗಳಿಗೆ ಮಾತ್ರ ಕಾಯ್ದಿರಿಸಿದ ವಸ್ತುಗಳ ಪಟ್ಟಿಯಲ್ಲಿತ್ತು. ಆ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದ 20 ವಸ್ತುಗಳನ್ನು, ಮೇಣದಬತ್ತಿಯೂ ಸೇರಿದಂತೆ, 2015ರ ಏಪ್ರಿಲ್‌ನಲ್ಲಿ ಕೈಬಿಡಲಾಯಿತು. ಈಗ ದೊಡ್ಡ ಕಾರ್ಖಾನೆಗಳೂ ಇವನ್ನು ತಯಾರಿಸಬಹುದಾದುದರಿಂದ ಸಣ್ಣ ಉದ್ಯಮಿಯು ಗುಣಮಟ್ಟ ಮತ್ತು ಲೆಕ್ಕಾಚಾರಗಳ ಬಲದಿಂದಲೇ ನಿಲ್ಲಬೇಕಾಗಿದೆ.

ಕಚ್ಚಾ ಸಾಮಗ್ರಿ ಮತ್ತು ತಯಾರಿಕೆ

ಮುಖ್ಯ ಕಚ್ಚಾ ಸಾಮಗ್ರಿ ಪ್ಯಾರಾಫಿನ್ ಮೇಣ. ಇದು ಕಚ್ಚಾ ತೈಲದಿಂದ ದೊರೆಯುವ ವಸ್ತು. ವಿಶಾಖಪಟ್ಟಣದಲ್ಲಿ 1957ರಿಂದಲೂ ತೈಲ ಶುದ್ಧೀಕರಣಾಗಾರವಿದೆಯೆಂಬ ಕಾರಣಕ್ಕೆ ಮೇಣವು ಅಲ್ಲಿಯೇ ಅಗ್ಗವಾಗಿ ದೊರೆಯುವುದೆಂದು ಭಾವಿಸಬಾರದು; ಎಲ್ಲ ಶುದ್ಧೀಕರಣಾಗಾರಗಳೂ ಮೇಣವನ್ನು ತಯಾರಿಸುವುದಿಲ್ಲ. ಅಸ್ಸಾಮಿನ ದಿಗ್ಬೋಯ್ ಮತ್ತು ನುಮಾಲಿಗಢಗಳಲ್ಲಿ ಮೇಣ ತಯಾರಾಗುತ್ತದೆ, ವಿದೇಶಗಳಿಂದಲೂ ಆಮದಾಗುತ್ತದೆ. ಆದಕಾರಣ ಮೇಣದ ಬೆಲೆಯು ಕಚ್ಚಾ ತೈಲದ ದರ ಹಾಗೂ ರೂಪಾಯಿಯ ವಿನಿಮಯ ಮೌಲ್ಯಕ್ಕೆ ಅನುಗುಣವಾಗಿ ಏರಿಳಿಯುತ್ತದೆ.

ಮೇಣವು ಕರಗುವ ಉಷ್ಣತೆಯನ್ನು ವಿಚಾರಿಸಿಯೇ ಕೊಳ್ಳಬೇಕು. ಸಾಮಾನ್ಯ ಬತ್ತಿಗಳಿಗೆ 58ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಮೇಣ ಯೋಗ್ಯ. ವಿಜಯವಾಡದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇದಕ್ಕಿಂತ ಮೃದುವಾದ ಮೇಣದ ಬತ್ತಿಗಳು ಗೋದಾಮಿನಲ್ಲಿಯೇ ಬಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಟ್ಟಿತನಕ್ಕಾಗಿಯೂ ಅಚ್ಚಿನಿಂದ ಸುಲಭವಾಗಿ ಬಿಡಿಸಿಕೊಳ್ಳಲಿಕ್ಕಾಗಿಯೂ 100 ಕಿಲೋಗ್ರಾಂ ಮೇಣಕ್ಕೆ 5ರಿಂದ 10 ಕಿಲೋಗ್ರಾಂ ಸ್ಟಿಯರಿಕ್ ಆಮ್ಲವನ್ನು ಬೆರೆಸುವ ರೂಢಿಯಿದೆ.

ಅಲ್ಯೂಮಿನಿಯಂ ಅಚ್ಚಿನ ರಂಧ್ರಗಳ ನಡುವೆ ಹತ್ತಿಯ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿ, ಕರಗಿದ ಮೇಣವನ್ನು ಸುರಿದು, ತಣ್ಣೀರಿನಿಂದ ಅಚ್ಚನ್ನು ತಣಿಸಿ, ಬತ್ತಿಗಳನ್ನು ಹೊರತೆಗೆದು ಬುಡವನ್ನು ಸಮಮಾಡಬೇಕು. ಕತ್ತರಿಸಿ ಉಳಿದ ಚೂರುಗಳನ್ನು ಮತ್ತೆ ಕರಗಿಸಬಹುದು. ಒಂದು ಕಿಲೋಗ್ರಾಂ ಮೇಣದಿಂದ ತಲಾ 50 ಗ್ರಾಂ ತೂಕದ ಸುಮಾರು 20 ಬತ್ತಿಗಳಾಗುತ್ತವೆ. ಬತ್ತಿಯೊಂದರ ತೂಕ 2 ಗ್ರಾಂ ಹೆಚ್ಚಾದರೂ ಸಾವಿರ ಬತ್ತಿಗಳಿಗೆ 2 ಕಿಲೋಗ್ರಾಂ ಮೇಣ ನಷ್ಟವಾಗುವುದರಿಂದ ದಿನವೂ ತೂಕವನ್ನು ಪರೀಕ್ಷಿಸುವುದು ಅವಶ್ಯ.

ಮೇಣದ ಪಾತ್ರೆಯನ್ನು ಎಂದಿಗೂ ಉರಿಯ ಮೇಲೆ ನೇರವಾಗಿ ಇಡಕೂಡದು. ನೀರು ತುಂಬಿದ ದೊಡ್ಡ ಪಾತ್ರೆಯೊಳಗೆ ಮೇಣದ ಪಾತ್ರೆಯನ್ನಿಟ್ಟು ಕಾಯಿಸಬೇಕು. ಮೇಣಕ್ಕೆ ಬೆಂಕಿ ಹೊತ್ತಿಕೊಂಡರೆ ನೀರು ಸುರಿಯಬಾರದು; ನೀರು ತಕ್ಷಣ ಆವಿಯಾಗಿ ಉರಿಯುವ ಮೇಣವನ್ನು ಸುತ್ತಲೂ ಚಿಮ್ಮಿಸುತ್ತದೆ. ಒಲೆಯನ್ನು ಆರಿಸಿ, ಪಾತ್ರೆಗೆ ಮುಚ್ಚಳ ಹಾಕಬೇಕು. ಒಣ ಮರಳಿನ ಬಕೆಟ್ಟು ಸದಾ ಹತ್ತಿರದಲ್ಲಿರಬೇಕು.

ಬರವಣಿಗೆಯಿಲ್ಲದ ಪಾಲುದಾರಿಕೆ

ಇಬ್ಬರು ಅಥವಾ ಹೆಚ್ಚು ಮಂದಿ ಲಾಭವನ್ನು ಹಂಚಿಕೊಳ್ಳುವ ಒಪ್ಪಂದದಿಂದ, ಎಲ್ಲರೂ ಕೂಡಿ ಅಥವಾ ಎಲ್ಲರ ಪರವಾಗಿ ಒಬ್ಬರು, ವ್ಯವಹಾರ ನಡೆಸಿದರೆ ಅದು ಪಾಲುದಾರಿಕೆ ಎನಿಸುತ್ತದೆ. ಇದಕ್ಕೆ 1932ರ ಭಾರತೀಯ ಪಾಲುದಾರಿಕೆ ಅಧಿನಿಯಮ ಅನ್ವಯಿಸುತ್ತದೆ. ಬಾಯಿಮಾತಿನ ಒಪ್ಪಂದವೂ ಸಿಂಧುವೇ. ಆದರೆ ಪಾಲುದಾರರು ತಾವಾಗಿ ನಿಶ್ಚಯಿಸದ ವಿಷಯಗಳನ್ನು ಕಾನೂನೇ ನಿಶ್ಚಯಿಸುತ್ತದೆ. ಆ ನಿಶ್ಚಯವು ಅನೇಕರಿಗೆ ಅನಿರೀಕ್ಷಿತವಾಗಿರುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ವಿಜಯವಾಡದ ಒಬ್ಬ ವ್ಯಾಪಾರಿ 1,00,000 ರೂಪಾಯಿ ತೊಡಗಿಸುತ್ತಾನೆ. ವಿಶಾಖಪಟ್ಟಣದ ಒಬ್ಬ ಕಸುಬುದಾರ ಹಣ ಹಾಕದೆ, ದಿನವೂ ದುಡಿದು ಬತ್ತಿಗಳನ್ನು ತಯಾರಿಸುತ್ತಾನೆ. ಇವರ ನಡುವೆ ಪತ್ರವಿಲ್ಲ. ಕಾನೂನಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಲಾಭನಷ್ಟಗಳೆರಡೂ ಸಮಪಾಲು. ವ್ಯವಹಾರದಲ್ಲಿ ದುಡಿದುದಕ್ಕೆ ಪಾಲುದಾರನಿಗೆ ಸಂಬಳವಿಲ್ಲ. ಬಂಡವಾಳಕ್ಕೆ ಬಡ್ಡಿಯೂ ಇಲ್ಲ.

ಒಂದು ವರ್ಷದ ಬಳಿಕ ಲಾಭ ಕಾಣದೆ ಉದ್ಯಮವನ್ನು ಮುಚ್ಚುತ್ತಾರೆ. ಅಚ್ಚು, ಸರಕುಗಳನ್ನು ಮಾರಿದಾಗ 1,20,000 ರೂಪಾಯಿ ಕೈಸೇರುತ್ತದೆ. ಮೇಣದ ವರ್ತಕನಿಗೆ 80,000 ರೂಪಾಯಿ ಕೊಡಬೇಕಾಗಿದೆ. ಹೊರಗಿನವರ ಸಾಲ ಮೊದಲು ತೀರಬೇಕು. ಉಳಿದ 40,000 ರೂಪಾಯಿ ಬಂಡವಾಳ ಹಾಕಿದವನಿಗೆ ಸೇರುತ್ತದೆ. ಅವನ ಬಂಡವಾಳದಲ್ಲಿ ಇನ್ನೂ 60,000 ರೂಪಾಯಿ ಕೊರತೆ. ಇದು ಇಬ್ಬರ ನಷ್ಟವಾದುದರಿಂದ, ಕಸುಬುದಾರನು ತನ್ನ ಕೈಯಿಂದ 30,000 ರೂಪಾಯಿ ತುಂಬಿಕೊಡಬೇಕಾಗುತ್ತದೆ. ವರ್ಷವಿಡೀ ಕೂಲಿಯಿಲ್ಲದೆ ದುಡಿದವನು ಕಡೆಯಲ್ಲಿ ಸಾಲಗಾರನಾಗುತ್ತಾನೆ. ‘ನಷ್ಟವು ಬಂಡವಾಳ ಹಾಕಿದವನದು, ಕೆಲಸ ಮಾಡುವವನಿಗೆ ತಿಂಗಳಿಗೆ ಇಷ್ಟು ಸಂಬಳ’ ಎಂದು ಆರಂಭದಲ್ಲೇ ಬರೆದುಕೊಂಡಿದ್ದರೆ ಇವರಿಬ್ಬರ ನಡುವಿನ ಲೆಕ್ಕವೇ ಬೇರೆಯಾಗುತ್ತಿತ್ತು.

ಹಣ ಹಾಕಿದವನಿಗೂ ಅಪಾಯ ಕಡಿಮೆಯೇನಿಲ್ಲ. ಸಂಸ್ಥೆಯ ವ್ಯವಹಾರದಲ್ಲಿ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಪ್ರತಿನಿಧಿ. ವಿಶಾಖಪಟ್ಟಣದಲ್ಲಿರುವವನು ಸಂಸ್ಥೆಯ ಹೆಸರಿನಲ್ಲಿ ಮೇಣವನ್ನು ಸಾಲವಾಗಿ ತಂದರೆ ವಿಜಯವಾಡದವನೂ ಹೊಣೆ. ಆ ಹೊಣೆಗೆ ಮಿತಿಯಿಲ್ಲ. ವರ್ತಕನು ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದು. ಸಂಸ್ಥೆಯ ಆಸ್ತಿ ಸಾಲದಿದ್ದರೆ ಸ್ವಂತ ಮನೆಮಠದ ಮೇಲೂ ಹಕ್ಕು ಸಾಧಿಸಬಹುದು. ಪಾಲುದಾರರು ತಮ್ಮೊಳಗೆ ಮಾಡಿಕೊಂಡ ನಷ್ಟದ ಹಂಚಿಕೆಯು ಹೊರಗಿನ ಸಾಲಗಾರರನ್ನು ಕಟ್ಟಿಹಾಕುವುದಿಲ್ಲ. ಹೊಣೆಯನ್ನು ಮಿತಿಗೊಳಿಸಬೇಕೆನ್ನುವವರು 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಅಧಿನಿಯಮದ ಮೇರೆಗೆ ಸಂಸ್ಥೆಯನ್ನು ಸ್ಥಾಪಿಸಬಹುದು. ಅದರಲ್ಲಿ ವಾರ್ಷಿಕ ವಿವರಣೆ ಸಲ್ಲಿಸುವ ಖರ್ಚು ಹೆಚ್ಚು.

ಪ್ರಸಿದ್ಧವಾದ ಒಂದು ಒಪ್ಪಂದ

ಮೇಣದಬತ್ತಿಯ ಇತಿಹಾಸದಲ್ಲಿ ಪಾಲುದಾರಿಕೆಗೆ ಒಳ್ಳೆಯ ನಿದರ್ಶನವಿದೆ. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಮೇಣದಬತ್ತಿ ತಯಾರಿಸುತ್ತಿದ್ದ ವಿಲಿಯಂ ಪ್ರಾಕ್ಟರ್ ಮತ್ತು ಸಾಬೂನು ತಯಾರಿಸುತ್ತಿದ್ದ ಜೇಮ್ಸ್ ಗ್ಯಾಂಬಲ್ ಅಕ್ಕತಂಗಿಯರನ್ನು ವಿವಾಹವಾಗಿದ್ದರು. ಎರಡೂ ಕಸುಬಿಗೆ ಬೇಕಾದುದು ಒಂದೇ ಕಚ್ಚಾ ಸಾಮಗ್ರಿ, ಅಂದರೆ ಪ್ರಾಣಿಗಳ ಕೊಬ್ಬು. ಮಾವನ ಸಲಹೆಯಂತೆ ಇಬ್ಬರೂ ಕೂಡಿ 1837ರ ಅಕ್ಟೋಬರ್ 31ರಂದು ಪಾಲುದಾರಿಕೆಯ ಒಪ್ಪಂದಕ್ಕೆ ಸಹಿ ಹಾಕಿದರು. ತಲಾ 3,596 ಡಾಲರ್ 47 ಸೆಂಟ್ ತೊಡಗಿಸಿದರು. ಷಡ್ಡಕರಾಗಿದ್ದೂ ಅವರು ಸೆಂಟಿನವರೆಗೂ ಲೆಕ್ಕ ಬರೆದಿಟ್ಟರೆಂಬುದು ಗಮನಾರ್ಹ. ಗ್ಯಾಂಬಲ್ ತಯಾರಿಕೆಯನ್ನೂ ಪ್ರಾಕ್ಟರ್ ಕಚೇರಿ ಮತ್ತು ಮಾರಾಟವನ್ನೂ ನೋಡಿಕೊಂಡರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಆ ಸಂಸ್ಥೆ ಇಂದಿಗೂ ಇದೆ. ಬಂಧುತ್ವವು ಬರವಣಿಗೆಗೆ ಅಡ್ಡಿಯಲ್ಲ. ಬರವಣಿಗೆಯೇ ಬಂಧುತ್ವಕ್ಕೆ ರಕ್ಷಣೆ.

ಪಾಲುದಾರಿಕೆ ಪತ್ರದಲ್ಲಿರಬೇಕಾದ ಅಂಶಗಳು

1. ಪ್ರತಿಯೊಬ್ಬರೂ ತೊಡಗಿಸುವ ಹಣ ಮತ್ತು ಸಾಮಗ್ರಿ. ಒಬ್ಬರ ಮನೆಯ ಕೋಣೆಯನ್ನು ಬಳಸುವುದಾದರೆ ಅದು ಸಂಸ್ಥೆಯ ಆಸ್ತಿಯೋ ಬಾಡಿಗೆಯದೋ ಎಂಬುದು ಸ್ಪಷ್ಟವಾಗಿರಬೇಕು.

2. ಲಾಭ ಮತ್ತು ನಷ್ಟಗಳ ಪಾಲು. ಎರಡನ್ನೂ ಪ್ರತ್ಯೇಕವಾಗಿ ಬರೆಯಬೇಕು.

3. ದುಡಿಯುವವರ ಸಂಬಳ, ಬಂಡವಾಳದ ಬಡ್ಡಿ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ಮುಂಗಡ ಕೊಟ್ಟವರಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಕಾನೂನಿನಂತೆ ವರ್ಷಕ್ಕೆ ಶೇಕಡಾ 6ರ ಬಡ್ಡಿ ಸಲ್ಲುತ್ತದೆ.

4. ಬ್ಯಾಂಕು ಖಾತೆಗೆ ಇಬ್ಬರ ಸಹಿ, ಹಾಗೂ ಒಬ್ಬರೇ ಮಾಡಬಹುದಾದ ಖರೀದಿಯ ಮಿತಿ.

5. ಲೆಕ್ಕಪುಸ್ತಕಗಳನ್ನಿಡುವ ಸ್ಥಳ. ಅವನ್ನು ನೋಡುವ ಹಕ್ಕು ಇಬ್ಬರಿಗೂ ಉಂಟು.

6. ಭಿನ್ನಾಭಿಪ್ರಾಯದ ಇತ್ಯರ್ಥ. ಸಾಮಾನ್ಯ ವಿಷಯಗಳು ಬಹುಮತದಿಂದ ತೀರ್ಮಾನವಾಗಬೇಕೆನ್ನುತ್ತದೆ ಕಾನೂನು. ಇಬ್ಬರೇ ಇರುವಲ್ಲಿ ಬಹುಮತವೆಂಬುದಿಲ್ಲ. ಇಬ್ಬರೂ ಒಪ್ಪುವ ಮಧ್ಯಸ್ಥನನ್ನು ಮೊದಲೇ ಗೊತ್ತುಮಾಡಬೇಕು.

7. ನಿವೃತ್ತಿ ಮತ್ತು ಮರಣ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಸಂಸ್ಥೆ ವಿಸರ್ಜನೆಯಾಗುವುದರಿಂದ ಅವರ ಕುಟುಂಬಕ್ಕೆ ಹಣ ಸಲ್ಲಿಸುವ ಕ್ರಮವನ್ನು ಬರೆದಿಡಬೇಕು.

ನೋಂದಣಿಯ ಮಹತ್ವ

ಸಂಸ್ಥೆಯ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯಾಗದ ಸಂಸ್ಥೆಯು ತನಗೆ ಬರಬೇಕಾದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. 100 ರೂಪಾಯಿ ಮೀರದ ಹಕ್ಕುಗಳಿಗೆ ಮಾತ್ರ ವಿನಾಯಿತಿಯಿದೆ. ಉತ್ಸವಕ್ಕೆಂದು ಅಂಗಡಿಯವನು 25,000 ರೂಪಾಯಿಯ ಬತ್ತಿಗಳನ್ನು ಉದ್ದರಿ ಕೊಂಡು ಹಣ ಕೊಡದಿದ್ದರೆ, ನೋಂದಣಿಯಿಲ್ಲದ ಪಾಲುದಾರರು ನ್ಯಾಯಾಲಯದ ಮೊರೆಹೋಗಲಾರರು. ಅವರ ಮೇಲೆ ಮಾತ್ರ ಇತರರು ದಾವೆ ಹೂಡಬಹುದು. ಆದುದರಿಂದ ಆರಂಭದಲ್ಲಿಯೇ ರಾಜ್ಯದ ಫರ್ಮುಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಿಕೊಳ್ಳುವುದು ಹಿತಕರ.

ಇದರೊಡನೆ, 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನೂ ಮಾಡಿಸಬೇಕು. ಇದಕ್ಕೆ ಶುಲ್ಕವಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಮೇರೆಗೆ, ಸೂಕ್ಷ್ಮ ಉದ್ಯಮದಿಂದ ಸರಕು ಕೊಂಡವರು ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಸಲ್ಲಿಸಬೇಕು. ತಪ್ಪಿದರೆ ಚಕ್ರಬಡ್ಡಿ ತೆರಬೇಕಾಗುತ್ತದೆ. ಬಂಡವಾಳಕ್ಕಾಗಿ 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯಲ್ಲಿ ಆಧಾರವಿಲ್ಲದೆ ಸಾಲ ದೊರೆಯುತ್ತದೆ. ಅದರ ಶಿಶು ವರ್ಗದ ಮಿತಿ 50,000 ರೂಪಾಯಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆಗಳನ್ನು ಮುದ್ರಿಸುವುದು ಕಡ್ಡಾಯ.

ಸಹಿ ಹಾಕುವ ಮುನ್ನ

ಪತ್ರಕ್ಕೆ ಸಹಿ ಹಾಕುವ ಮುನ್ನ ಇಬ್ಬರೂ ಬೇರೆ ಬೇರೆ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಬರೆದು, ಅನಂತರ ಹೋಲಿಸಿ ನೋಡುವುದು ಒಳ್ಳೆಯದು. ಮೊದಲ ಆರು ತಿಂಗಳು ಲಾಭ ಬರದಿದ್ದರೆ ಮನೆಯ ಖರ್ಚು ನಡೆಯುವುದು ಹೇಗೆ? ಮೇಣದ ಬೆಲೆ ಹಠಾತ್ತಾಗಿ ಏರಿದರೆ ಹೆಚ್ಚಿನ ಹಣ ತರುವವರು ಯಾರು? ಒಬ್ಬರು ಹೊರಹೋಗಲು ಬಯಸಿದರೆ ಅಚ್ಚುಗಳು ಯಾರಿಗೆ ಸೇರುತ್ತವೆ? ಉತ್ತರಗಳು ಒಂದಾಗಿದ್ದರೆ ಅವನ್ನೇ ಪತ್ರದಲ್ಲಿ ಬರೆಯಬಹುದು. ಬೇರೆಯಾಗಿದ್ದರೆ, ಆ ವ್ಯತ್ಯಾಸವು ಸಾಲ ಹುಟ್ಟುವ ಮೊದಲೇ ತಿಳಿದುಬಂದಂತಾಯಿತು. ಮಾತನಾಡಿ ಸರಿಪಡಿಸಿಕೊಳ್ಳಲು ಅದಕ್ಕಿಂತ ಸೂಕ್ತ ಸಮಯ ಮುಂದೆ ಒದಗಲಾರದು.