ಹಳೆಯ ಹೆಸರು, ಹೊಸ ಬಂಧುತ್ವ



ಮದೀನಾ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಶಾಂತಿಯ ನಗರ. ಹಿಜ್‌ರತ್‌ಗೆ ಮುಂಚಿನ ಯಸ್‌ರಿಬನ್ನು ಒಮ್ಮೆ ನೆನೆದು ನೋಡಿ. ಔಸ್ ಮತ್ತು ಖಝ್‌ರಜ್ ಒಂದೇ ಮೂಲದಿಂದ ಬಂದ, ಒಂದೇ ಭಾಷೆಯನ್ನಾಡುವ ಎರಡು ಗೋತ್ರಗಳು. ಆದರೂ ತಲೆಮಾರುಗಳಿಂದ ಅವುಗಳ ನಡುವೆ ರಕ್ತಪಾತ ನಡೆದೇ ಇತ್ತು. ಕ್ರಿ.ಶ. 617ರ ಸುಮಾರಿಗೆ ನಡೆದ ಬುಆಸ್ ಯುದ್ಧದಲ್ಲಿ ಎರಡೂ ಕಡೆಯ ಮುಖಂಡರು ಹತರಾದರು. ಕೆಲವೇ ವರ್ಷಗಳಲ್ಲಿ ಈ ಎರಡೂ ಗೋತ್ರದವರಿಗೆ ಅನ್ಸಾರ್ ಎಂಬ ಒಂದೇ ಹೆಸರಾಯಿತು. ಇದು ಹೇಗೆ ಸಾಧ್ಯವಾಯಿತು?

ಇಸ್ಲಾಮ್ ಸ್ವೀಕರಿಸಿದರು, ದ್ವೇಷ ಮಾಯವಾಯಿತು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಉತ್ತರ ಸುಳ್ಳಲ್ಲ. ಅವರ ಹೃದಯಗಳನ್ನು ಬೆಸೆದವನು ಅಲ್ಲಾಹನೇ ಎಂದು ಪವಿತ್ರ ಕುರ್‌ಆನ್ ಸ್ಪಷ್ಟಪಡಿಸಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪ್ರವಾದಿವರ್ಯರು(ಸ) ವರ್ಷಗಟ್ಟಲೆ ಪಟ್ಟ ಶ್ರಮ ನಮ್ಮ ಕಣ್ಣಿಗೆ ಬೀಳುವುದಿಲ್ಲ.

1906ರಲ್ಲಿ ತುರ್ಕಿಯಲ್ಲಿ ಹುಟ್ಟಿದ ಮುಝಫರ್ ಶರೀಫ್ ಎಂಬ ಮನಶ್ಶಾಸ್ತ್ರಜ್ಞರು 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಒಂದು ಪ್ರಯೋಗ ನಡೆಸಿದರು. ಸುಮಾರು ಹನ್ನೊಂದು ವರ್ಷದ 22 ಹುಡುಗರನ್ನು ಎರಡು ತಂಡ ಮಾಡಿ ಶಿಬಿರದಲ್ಲಿರಿಸಿದರು. ಎಲ್ಲರೂ ಒಂದೇ ಬಗೆಯ ಮನೆಗಳಿಂದ ಬಂದವರು. ತಂಡಕ್ಕೊಂದು ಹೆಸರು, ಧ್ವಜ, ಬಹುಮಾನದ ಪೈಪೋಟಿ ಇಷ್ಟು ಬಂದದ್ದೇ ತಡ, ಬೈಗುಳ ಶುರುವಾಯಿತು. ಧ್ವಜ ಸುಟ್ಟರು, ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ನುಗ್ಗಿದರು. ಆಮೇಲೆ ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಪರಸ್ಪರ ಎಸೆದಾಡಿದರು! ನೀರಿನ ಸರಬರಾಜು ನಿಂತಾಗ, ಕೆಟ್ಟು ನಿಂತ ಲಾರಿಯನ್ನು ಎಲ್ಲರೂ ಸೇರಿ ಎಳೆಯಬೇಕಾದಾಗ ಮಾತ್ರ ಹಗೆ ಕರಗತೊಡಗಿತು. ಲಾರಿ ಎಳೆದದ್ದು ಹಿಂದೆ ಹಗ್ಗ ಜಗ್ಗಾಟಕ್ಕೆ ಬಳಸಿದ ಅದೇ ಹಗ್ಗದಿಂದ. ಹುಡುಗರನ್ನು ಬೇಕೆಂದೇ ಕೆಣಕಲಾಯಿತೆಂಬ ಆಕ್ಷೇಪ ಈ ಪ್ರಯೋಗದ ಮೇಲಿದೆ, ಅದು ನ್ಯಾಯವಾದದ್ದೇ. ಆದರೂ ಜೊತೆಗೆ ಕೂರುವುದೇ ಬೇರೆ, ಜೊತೆಗೆ ದುಡಿಯುವುದೇ ಬೇರೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಮದೀನಾದಲ್ಲಿ ನಡೆದದ್ದನ್ನು ಇದರೊಂದಿಗೆ ಹೋಲಿಸಿ. ಮೊದಲು ಮಸೀದಿಯ ಕಟ್ಟಡ. ಸ್ವತಃ ಪ್ರವಾದಿವರ್ಯರೇ(ಸ) ಇಟ್ಟಿಗೆ ಹೊತ್ತರು. ಹಿಜ್‌ರಿ 5ರಲ್ಲಿ ಖಂದಕ್‌ನ ಅಗೆತ. ಮುಹಾಜಿರರಿಗೂ ಅನ್ಸಾರರಿಗೂ ಒಬ್ಬೊಬ್ಬರಂತೆ ಜೋಡಿ ಮಾಡಿ ಸಹೋದರತ್ವ. ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದಾಗ ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅವರು ಹರಸಿ, ಪೇಟೆಯ ದಾರಿ ತೋರಿಸಿ ಎಂದು ಕೇಳಿ, ಗಿಣ್ಣು ತುಪ್ಪದ ವ್ಯಾಪಾರಕ್ಕೆ ಹೊರಟರು. ಕೊಡುವವನಿಗೂ ಗೌರವ ಉಳಿಯಿತು, ಪಡೆಯಬೇಕಾದವನಿಗೂ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಸ ಹೆಸರು ಬಂತೆಂದು ಹಳೆಯ ಹೆಸರನ್ನು ಯಾರೂ ಅಳಿಸಲಿಲ್ಲ. ಮದೀನಾದ ಒಪ್ಪಂದಪತ್ರ ಎಲ್ಲರನ್ನೂ ಒಂದು ಸಮುದಾಯವೆಂದು ಕರೆದರೂ ಬನೂ ಔಫ್, ಬನೂ ಸಾಇದಾ ಎಂದು ಒಂದೊಂದು ಮನೆತನವನ್ನೂ ಹೆಸರಿಸಿ, ರಕ್ತಪರಿಹಾರದ ಹೊಣೆಯನ್ನು ಅವರವರಲ್ಲೇ ಉಳಿಸಿತು. ಯಹೂದಿಯರಿಗೆ ಅವರ ಧರ್ಮವನ್ನು ಬಿಟ್ಟುಕೊಟ್ಟಿತು. ಅಮೆರಿಕದ ಸ್ಯಾಮ್ಯುಯೆಲ್ ಗಾರ್ಟ್ನರ್ ಮತ್ತು ಜಾನ್ ಡೊವಿಡಿಯೊ 1990ರ ದಶಕದಲ್ಲಿ ಇದೇ ವಿಷಯವನ್ನು ಅಧ್ಯಯನ ಮಾಡಿದರು. ‘ನಾವು’ ಎಂಬ ದೊಡ್ಡ ವೃತ್ತದೊಳಗೆ ಹಿಂದಿನ ಎದುರಾಳಿಯೂ ಬಂದಾಗ ಪೂರ್ವಗ್ರಹ ಕಡಿಮೆಯಾಗುತ್ತದೆ. ಅದಕ್ಕಾಗಿ ಚಿಕ್ಕ ಗುರುತನ್ನು ಬಿಡಲೇಬೇಕೆಂದಿಲ್ಲ ಎಂಬುದು ಅವರ ವಾದ.

ಹಳೆಯ ಹೆಸರು ಉಳಿದರೆ ಹಳೆಯ ಜಗಳವೂ ಏಳುವುದಿಲ್ಲವೇ? ಎದ್ದಿತು. ಮುರೈಸೀ ಯುದ್ಧಯಾತ್ರೆಯಲ್ಲಿ ಒಬ್ಬ ಮುಹಾಜಿರ್ ಒಬ್ಬ ಅನ್ಸಾರಿಗೆ ಹೊಡೆದಾಗ ಒಬ್ಬ ಅನ್ಸಾರರನ್ನೂ ಇನ್ನೊಬ್ಬ ಮುಹಾಜಿರರನ್ನೂ ನೆರವಿಗೆ ಕೂಗಿದ. ಎರಡೂ ಕುರ್‌ಆನ್ ಪ್ರಶಂಸಿಸಿದ ಹೆಸರುಗಳೇ! ಆದರೂ ಪ್ರವಾದಿವರ್ಯರು(ಸ) ಅದನ್ನು ಜಾಹಿಲಿಯ್ಯತ್‌ನ ಕರೆಯೆಂದು, ದುರ್ನಾತ ಬೀರುವಂಥದೆಂದು ತಡೆದರು. ಆ ಯಾತ್ರೆಯ ಬೆನ್ನಿಗೇ, ಆಯಿಶಾ(ರ)ರ ಮೇಲೆ ಅಪವಾದ ಹಬ್ಬಿದ ದಿನಗಳಲ್ಲಿ, ಔಸ್ ಖಝ್‌ರಜ್‌ನವರು ಮಸೀದಿಯಲ್ಲೇ ಕೈಕೈ ಮಿಲಾಯಿಸುವ ಹಂತಕ್ಕೆ ಹೋದರು; ಮಿಂಬರ್ ಮೇಲಿದ್ದ ಪ್ರವಾದಿವರ್ಯರು(ಸ) ಅವರು ಮೌನವಾಗುವವರೆಗೂ ಸಮಾಧಾನಪಡಿಸುತ್ತಲೇ ಇದ್ದರು. ತಪ್ಪು ಹೆಸರಿನಲ್ಲಿ ಇರಲಿಲ್ಲ. ಯಾರದು ಸರಿ ಎಂದು ಕೇಳುವ ಮೊದಲೇ ನಮ್ಮವನೆಂದು ಓಡಿಬರುವ ಅಭ್ಯಾಸದಲ್ಲಿತ್ತು.

ನಾವೆಲ್ಲ ಒಂದೇ ಎಂಬ ಮಾತಿಗೂ ಒಂದು ಅಪಾಯವಿದೆ. ತಮಾರ್ ಸಗೈ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಲ ಹೆಚ್ಚಿರುವ ಗುಂಪು ಮತ್ತು ಬಲ ಕಡಿಮೆ ಇರುವ ಗುಂಪು ತಮ್ಮಲ್ಲಿನ ಸಮಾನ ಅಂಶಗಳನ್ನೇ ಮಾತಾಡಿಕೊಂಡವು. ದುರ್ಬಲರು ಇನ್ನು ನ್ಯಾಯ ಸಿಗುತ್ತದೆಂದು ನಂಬಿದರು. ಪಾಲು ಹಂಚುವಾಗ ಬಲಿಷ್ಠರು ಮಾತ್ರ ಮೊದಲಿನಂತೆಯೇ ನಡೆದುಕೊಂಡರು. ಸೂರಃ ಅಲ್ ಹುಜುರಾತ್‌ನ 9ನೆಯ ಸೂಕ್ತದಲ್ಲಿ ಸಂಧಾನದ ಜೊತೆಗೇ ನ್ಯಾಯದ ಆಜ್ಞೆಯೂ ಇರುವುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಇರಾಕಿನ ಒಂದು ಅನುಭವವೂ ಇದೆ. 2014ರಲ್ಲಿ ಐಸಿಸ್ ದಾಳಿಯಿಂದ ಊರು ಬಿಟ್ಟಿದ್ದ ಕ್ರೈಸ್ತರ ನಡುವೆ ಸಲ್ಮಾ ಮೂಸಾ ಎಂಬ ಸಂಶೋಧಕಿ ಫುಟ್‌ಬಾಲ್ ಪಂದ್ಯಾವಳಿ ಏರ್ಪಡಿಸಿದರು. ಕೆಲವು ತಂಡಗಳಲ್ಲಿ ಕ್ರೈಸ್ತರಷ್ಟೇ, ಕೆಲವದರಲ್ಲಿ ಮುಸ್ಲಿಮರೂ ಇದ್ದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು ಆರು ತಿಂಗಳ ನಂತರವೂ ಮುಸ್ಲಿಮರೊಂದಿಗೆ ಅಭ್ಯಾಸ ನಡೆಸುವ ಸಂಭವ ಹೆಚ್ಚಿತ್ತು. ಆದರೆ ಮೈದಾನದಾಚೆಯ ಅಪರಿಚಿತ ಮುಸ್ಲಿಮರ ವಿಷಯದಲ್ಲಿ ಅವರ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. ಪಕ್ಕದ ಮನೆಯವರು ಒಳ್ಳೆಯವರು, ಆದರೆ ‘ಅವರು’ ಹಾಗೆಯೇ ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳುವುದಿಲ್ಲವೇ?

ಈ ತಿಂಗಳು ಮಕ್ಕಳನ್ನು ಕೂರಿಸಿಕೊಂಡು ಸೂರಃ ಅಲ್ ಹುಜುರಾತ್‌ನ 9ರಿಂದ 13ರವರೆಗಿನ ಸೂಕ್ತಗಳನ್ನು ಅರ್ಥಸಹಿತ ಓದಿ. ಸಂಧಾನ, ನ್ಯಾಯ, ಅಪಹಾಸ್ಯ, ಅಡ್ಡಹೆಸರು, ಗುಮಾನಿ, ಪರನಿಂದೆ, ಕೊನೆಗೆ ಪರಸ್ಪರ ಪರಿಚಯಕ್ಕಾಗಿ ಮಾಡಲಾದ ಜನಾಂಗ ಗೋತ್ರಗಳು. ವಿಷಯಗಳು ಬರುವ ಕ್ರಮವನ್ನು ತೋರಿಸಿಕೊಡಿ. ನಂತರ ಬೇರೆ ಜಮಾಅತ್‌ನವರನ್ನೂ ಬೇರೆ ಧರ್ಮದವರನ್ನೂ ನಮ್ಮ ಮನೆಯಲ್ಲಿ ಯಾವ ಯಾವ ಹೆಸರಿನಿಂದ ಕರೆಯುತ್ತೇವೆಂದು ಮಕ್ಕಳಿಂದಲೇ ಒಂದು ಹಾಳೆಯಲ್ಲಿ ಬರೆಸಿ.