ತುಳಸಿಗೇರಿಯ ನೆರಳು ಮತ್ತು ಟ್ಯಾನ್ ಸಮೀಕರಣ

ಇಂಟರ್ನಲ್ಸ್‌ನಲ್ಲಿ ಟ್ಯಾನ್ ಸಮೀಕರಣ ಬಂದರೆ ನಾವು ಮಾಡೋದು ಒಂದೇ ಕೆಲಸ. ಕ್ಯಾಲ್ಕುಲೇಟರ್‌ನಲ್ಲಿ ಶಿಫ್ಟ್ ಒತ್ತಿ ಟ್ಯಾನ್ ಒತ್ತೋದು, ಬಂದ ಅಂಕಿ ಬರೆದು ಕೆಳಗೆ ಎರಡು ಗೆರೆ ಎಳೆಯೋದು. ಪೇಪರ್ ವಾಪಸ್ ಬಂದಾಗ ಅರ್ಧ ಮಾರ್ಕ್ಸ್ ಇರೋದಿಲ್ಲ. ಲೆಕ್ಕ ಸರಿ ಇದೆಯಲ್ಲ, ಮತ್ತೆ ತಪ್ಪಿದ್ದೆಲ್ಲಿ? ಇದನ್ನು ತಿಳಿಯೋಕೆ ಪುಸ್ತಕ ಸ್ವಲ್ಪ ಮುಚ್ಚಿಟ್ಟು ತುಳಸಿಗೇರಿಗೆ ಹೋಗೋಣ.

ಬಾಗಲಕೋಟೆಯಿಂದ ಕಲಾದಗಿ ಕಡೆಗಿನ ದಾರಿಯಲ್ಲಿರುವ ಈ ಊರಿನ ಹನುಮಪ್ಪನ ಗುಡಿ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಊರ ಹೊರಗಿನ ಒಂದು ಸಮತಟ್ಟು ಬಯಲಿನಲ್ಲಿ 120 ಸೆಂ.ಮೀ. ಎತ್ತರದ ಕೋಲನ್ನು ನೇರವಾಗಿ ನೆಟ್ಟಿದ್ದೇವೆ ಅಂದುಕೊಳ್ಳಿ. ದಿನದಲ್ಲಿ ನೆರಳು ಅತಿ ಗಿಡ್ಡ ಆಗುವ ಹೊತ್ತಿಗೆ ಅದನ್ನು ಅಳೆಯಬೇಕು. ನಮ್ಮ ಕಡೆ ಆ ಹೊತ್ತು ಗಡಿಯಾರದ 12 ಅಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರೋದು ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕೆ.

ಸೂರ್ಯ ನೆತ್ತಿಯಿಂದ ಎಷ್ಟು ವಾಲಿದ್ದಾನೋ ಆ ಕೋನವನ್ನು ಕ ಎನ್ನೋಣ. ಆಗ,

ಟ್ಯಾನ್ ಕ = ನೆರಳು ÷ ಕೋಲು

ಮೊದಲ ಲೆಕ್ಕ: ಮಾರ್ಚ್ 21

ಹಗಲು ರಾತ್ರಿ ಸಮ ಇರುವ ಈ ದಿನ ಸೂರ್ಯ ಭೂಮಧ್ಯರೇಖೆಯ ಮೇಲಿರುತ್ತಾನೆ. ಹಾಗಾಗಿ ಕ ಅಂದರೆ ನಮ್ಮ ಊರಿನ ಅಕ್ಷಾಂಶವೇ. ನೆರಳು ಸುಮಾರು 35 ಸೆಂ.ಮೀ. ಬರಬೇಕು.

ಟ್ಯಾನ್ ಕ = 35 ÷ 120 = 0.2917
ಕ = 16.26 ಡಿಗ್ರಿ

ನಮ್ಮ ಹಿಂದಿನವರೂ ಇದನ್ನೇ ಮಾಡಿದರು. ಅವರ ಶಂಕು 12 ಅಂಗುಲದ್ದು. ವಿಷುವದ ದಿನ ಮಧ್ಯಾಹ್ನ ಬೀಳುವ ಅದರ ನೆರಳಿಗೆ ಪಲಭಾ ಅಂತ ಹೆಸರು. ತುಳಸಿಗೇರಿಗೆ ಅದು ಸುಮಾರು ಮೂರೂವರೆ ಅಂಗುಲ. ಊರಿನ ಪಲಭಾ ಗೊತ್ತಾದರೆ ಅಕ್ಷಾಂಶ ಗೊತ್ತಾದಂತೆಯೇ.

ಅಳತೆಯಲ್ಲಿ ಮಾತ್ರ ಉದಾಸೀನ ಬೇಡ. 35ರ ಬದಲು 34 ಬರೆದರೆ ಉತ್ತರ 15.82 ಡಿಗ್ರಿ ಆಗುತ್ತದೆ. ಒಂದು ಸೆಂ.ಮೀ. ತಪ್ಪಿಗೆ ನಾವು ಸುಮಾರು 49 ಕಿ.ಮೀ. ದಕ್ಷಿಣಕ್ಕೆ ಸರಿದು, ಬಾದಾಮಿಯನ್ನೂ ದಾಟಿ ನಿಂತಿರುತ್ತೇವೆ!

ಎರಡನೇ ಲೆಕ್ಕ: ಜೂನ್ 21

ಕಾರಹುಣ್ಣಿಮೆ ಆಸುಪಾಸಿನ ದಿನಗಳು. ಮೋಡ ಬಿಟ್ಟರೆ ನೆರಳು ಸುಮಾರು 15.2 ಸೆಂ.ಮೀ. ಆದರೆ ಈ ಸಲ ಅದು ಬೀಳೋದು ದಕ್ಷಿಣಕ್ಕೆ, ಯಾಕಂದರೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದಾನೆ. ಉತ್ತರದ ನೆರಳು ಪ್ಲಸ್ ಆದರೆ ದಕ್ಷಿಣದ್ದು ಮೈನಸ್.

ಟ್ಯಾನ್ ಕ = −15.2 ÷ 120 = −0.127
ಕ = −7.2 ಡಿಗ್ರಿ

ಆ ದಿನ ಸೂರ್ಯನ ಕ್ರಾಂತಿ, ಅಂದರೆ ಭೂಮಧ್ಯರೇಖೆಯಿಂದ ಅವನು ಎಷ್ಟು ಉತ್ತರಕ್ಕಿದ್ದಾನೆ ಎಂಬುದು, ಅಕ್ಷಾಂಶದಲ್ಲಿ ಕ ಕಳೆದರೆ ಸಿಗುತ್ತದೆ. 16.2 − (−7.2) = 23.4. ಸರಿಯಾಗಿದೆ. ನಾವು ಮೈನಸ್ ಮರೆತಿದ್ದರೆ? 16.2 − 7.2 = 9. ಅದು ಏಪ್ರಿಲ್ ಮಧ್ಯದ ಸೂರ್ಯ. ಒಂದು ಚಿಹ್ನೆ ಬಿಟ್ಟಿದ್ದಕ್ಕೆ ಎರಡು ತಿಂಗಳು ಹಿಂದೆ ಬಿದ್ದೆವು.

ಹಾಗಾದರೆ ಮಾರ್ಕ್ಸ್ ಹೋಗಿದ್ದೆಲ್ಲಿ?

ಟ್ಯಾನ್ ಪ್ರತಿ 180 ಡಿಗ್ರಿಗೆ ಮರುಕಳಿಸುತ್ತದೆ. ಕ್ಯಾಲ್ಕುಲೇಟರ್ ಕೊಡೋದು −90 ಮತ್ತು 90ರ ನಡುವಿನ ಒಂದೇ ಉತ್ತರ. ಉಳಿದವನ್ನು ನಾವೇ ಬರೆಯಬೇಕು:

ಕ = −7.2 + 180 × ಪ (ಪ ಯಾವುದೇ ಪೂರ್ಣಾಂಕ)

0 ಮತ್ತು 360ರ ನಡುವೆ ಕೇಳಿದ್ದರೆ ಉತ್ತರ 172.8 ಮತ್ತು 352.8. ಬಯಲಿನಲ್ಲಿ ನಿಂತವರಿಗೆ ಮಾತ್ರ −7.2 ಒಂದೇ ಸಾಕು, ಯಾಕಂದರೆ ಹಗಲಿನ ಸೂರ್ಯ ನೆತ್ತಿಯಿಂದ 90 ಡಿಗ್ರಿಗಿಂತ ಕೆಳಗೆ ಇಳಿಯೋದಿಲ್ಲ. ಅಂದರೆ ಗಣಿತ ಎಲ್ಲ ಉತ್ತರಗಳನ್ನೂ ಕೊಡುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಹೇಳೋದು ಪ್ರಶ್ನೆ.

ಇನ್ನೊಂದು ತಪ್ಪನ್ನೂ ನೋಡಿಬಿಡೋಣ. ಟ್ಯಾನ್ ಕ × ಟ್ಯಾನ್ ಕ = ಟ್ಯಾನ್ ಕ ಅಂತ ಕೊಟ್ಟಿದ್ದಾರೆ. ನಾವು ಎರಡೂ ಕಡೆ ಟ್ಯಾನ್ ಕ ಹೊಡೆದುಹಾಕಿ ಟ್ಯಾನ್ ಕ = 1, ಉತ್ತರ 45 ಅಂದುಬಿಡ್ತೀವಿ. ಹಾಗೆ ಭಾಗಿಸಬಾರದು, ಟ್ಯಾನ್ ಕ ಸೊನ್ನೆಯೂ ಆಗಿರಬಹುದು. ಎಲ್ಲವನ್ನೂ ಒಂದೇ ಕಡೆ ತಂದು ಬರೆಯಬೇಕು:

ಟ್ಯಾನ್ ಕ × (ಟ್ಯಾನ್ ಕ − 1) = 0

ಈಗ ಎರಡು ಗುಂಪು ಸಿಕ್ಕವು: ಕ = 180 × ಪ, ಮತ್ತು ಕ = 45 + 180 × ಪ. ನಾವು ಹೊಡೆದುಹಾಕಿದ್ದ ಆ ಮೊದಲ ಉತ್ತರ ಸುಮ್ಮನೆ ಕಾಗದದ ಮೇಲಿನದಲ್ಲ. ತುಳಸಿಗೇರಿಯಲ್ಲಿ ಅದು ವರ್ಷಕ್ಕೆ ಎರಡು ಸಲ, ಮೇ 5 ಮತ್ತು ಆಗಸ್ಟ್ 8ರ ಆಸುಪಾಸು, ಕಣ್ಣಿಗೇ ಕಾಣುತ್ತದೆ. ಅಂದು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ಟ್ಯಾನ್ ಕ = 0, ಕೋಲಿಗೆ ನೆರಳೇ ಇಲ್ಲ. ದಿಲ್ಲಿಯವರಿಗೆ ಇದು ಎಂದೂ ಸಿಗದು, ಅವರು ಕರ್ಕಾಟಕ ವೃತ್ತದ ಆಚೆಗಿದ್ದಾರೆ.

ಕಂಪ್ಯೂಟರ್ ಸೈನ್ಸ್ ಗೆಳೆಯರಿಗೂ ಒಂದು ಮಾತು. ಸಿ ಭಾಷೆಯಲ್ಲಿ ಎಟ್ಯಾನ್ ಇದ್ದೂ ಎಟ್ಯಾನ್2 ಯಾಕೆ ಬೇಕಾಯಿತು? 1 ÷ 1 ಕೂಡ 1, −1 ÷ −1 ಕೂಡ 1. ಭಾಗಿಸಿದ ಕೂಡಲೇ ಚಿಹ್ನೆಗಳು ಅಳಿಸಿಹೋಗಿ ದಿಕ್ಕು ಕಳೆದುಹೋಗುತ್ತದೆ. ಎಟ್ಯಾನ್2 ಎರಡೂ ಅಂಕಿಗಳನ್ನು ಬೇರೆ ಬೇರೆ ಕೇಳಿ ದಿಕ್ಕನ್ನು ಉಳಿಸಿಕೊಳ್ಳುತ್ತದೆ. ಪ್ರಾಜೆಕ್ಟ್‌ನ ರೋಬೋ ಮುಂದೆ ಹೋಗು ಅಂದರೆ ಹಿಂದಕ್ಕೆ ತಿರುಗುತ್ತಿದ್ದರೆ ಮೊದಲು ಇದನ್ನು ನೋಡಿ.

ಮೇ ಮೊದಲ ವಾರ ಬಿಸಿಲು ಜೋರೇ ಇರ್ತದ, ಟೋಪಿ ಇರಲಿ. ಒಂದು ಕೋಲು, ಒಂದು ಟೇಪು, ಗೋಡೆಗಾರರ ತೂಗುಗುಂಡು ಇಷ್ಟಿದ್ದರೆ ಸಾಕು. ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೆ ಗುರುತು ಹಾಕುತ್ತಾ ಹೋಗಿ. ನೆರಳು ಕೋಲಿನ ಬುಡದೊಳಗೆ ಸೇರಿಕೊಂಡಾಗ, ಅವತ್ತು ನಾವು ಹೊಡೆದುಹಾಕಿದ ಉತ್ತರ ಇದೇ ಅಂತ ನೆನಪಾದರೆ ಸಾಕು. ಮುಂದಿನ ಇಂಟರ್ನಲ್ಸ್‌ನಲ್ಲಿ ಅದನ್ನು ಬಿಡೋದಿಲ್ಲ.